ಆಂಪ್ ಬದಲಿಸದೆ ಬೇಸ್ ಬಂದದ್ದು: ಬಳ್ಳಾರಿಯ ಒಂದು ಗಾಡಿಯ ಪ್ರಕರಣ

“ಅಣ್ಣಾ, ಬೇಸ್ ಬರವಲ್ದು. ರೇಸ್ ಕೊಟ್ರೆ ಕುಂಯ್ ಅಂತೈತಿ. ಮಧ್ಯಾಹ್ನ ಆತಂದ್ರ ಪೂರಾ ಬಂದೇ ಆಗಿಬಿಡತೈತಿ. 1500 ವ್ಯಾಟಿಂದು ಹೊಸ ಆಂಪ್ ಹಾಕಿಸು ಅಂದಾರ, ಅದನ್ನ ಹಾಕಿಬಿಡ್ರಿ.”

ಗಿರಾಕಿ ಹೇಳಿದ್ದು ಇಷ್ಟೇ. ಇದರಲ್ಲಿ ಮೂರು ದೂರುಗಳಿವೆ, ಜೊತೆಗೆ ಯಾರೋ ಬರೆದುಕೊಟ್ಟ ಒಂದು ಔಷಧಿಯೂ ಇದೆ: ಹೊಸ ಆಂಪ್, ಅಂದರೆ ಸ್ಪೀಕರಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್. ಮೂರು ದೂರೂ ನಿಜ. ಔಷಧಿ ತಪ್ಪು. ಕೊನೆಗೆ ಮೂರಕ್ಕೂ ಮೂಲವಾಗಿ ಸಿಕ್ಕಿದ್ದು ಕಾರ್ಪೆಟ್ಟಿನ ಕೆಳಗಿನ ಒಂದು ತುಕ್ಕು ಹಿಡಿದ ಸ್ಕ್ರೂ, ಮತ್ತು ಆ ಸ್ಕ್ರೂ ಮಾಡಿದ ತಪ್ಪನ್ನು ಮುಚ್ಚಲು ಒಂದರ ಮೇಲೊಂದು ಹಾಕಿದ ತೇಪೆಗಳು.

ಗಾಡಿ ಏಳು ಸೀಟಿನ ಡೀಸೆಲ್, ಹಳದಿ ಬೋರ್ಡು, ಆರು ವರ್ಷ ಓಡಿದ್ದು. ಬಳ್ಳಾರಿಯಿಂದ ತೋರಣಗಲ್ಲು, ಸಂಡೂರು ಕಡೆಗೆ ಶಿಫ್ಟ್ ಸ್ಟಾಫ್ ಕರೆದೊಯ್ಯುತ್ತದೆ. ಅಂದರೆ ಅದಿರಿನ ಕೆಂಪು ಧೂಳು, ಟಿಪ್ಪರ್ ಓಡಾಡುವ ರಸ್ತೆ, ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲಲ್ಲಿ ಗೇಟಿನ ಮುಂದೆ ತಾಸುಗಟ್ಟಲೆ ನಿಲ್ಲುವ ಕೆಲಸ. ಡ್ಯಾಶ್‌ಬೋರ್ಡಿನಲ್ಲಿ ಹಾಡು ಹಾಕುವ 9 ಇಂಚಿನ ಆಂಡ್ರಾಯ್ಡ್ ಡೆಕ್. ಮುಂದಿನ ಬಾಗಿಲುಗಳಲ್ಲಿ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್, ಕನ್ನಡಿಯ ಹಿಂಬದಿಯ ಮೂಲೆಯಲ್ಲಿ ಕೀರಲು ಸ್ವರ ನುಡಿಸುವ ಟ್ವೀಟರ್. ಹಿಂದಿನ ಬಾಗಿಲುಗಳಲ್ಲಿ ಕಂಪನಿಯ ಸ್ಪೀಕರುಗಳೇ ಇದ್ದು, ಅವು ನೇರ ಡೆಕ್ಕಿಗೆ ಸೇರಿವೆ. ನಡುಸೀಟಿನ ಕೆಳಗೆ ನಾಲ್ಕು ಚಾನೆಲ್ಲಿನ ಆಂಪ್ ಇದೆ. ಸ್ಪೀಕರಿನ ತಡೆ 4 ಓಮ್ ಇದ್ದರೆ ಚಾನೆಲ್ಲಿಗೆ 60 ವ್ಯಾಟ್, 2 ಓಮ್‌ಗೆ 90, ಎರಡು ಚಾನೆಲ್ ಬ್ರಿಡ್ಜ್ ಮಾಡಿದರೆ, ಅಂದರೆ ಒಂದಾಗಿ ಕೂಡಿಸಿದರೆ, 4 ಓಮ್‌ಗೆ 180 ವ್ಯಾಟ್ ಕೊಡುವಂಥದ್ದು. ಮೊದಲೆರಡು ಚಾನೆಲ್ ಮುಂದಿನ ಬಾಗಿಲಿಗೆ, ಉಳಿದೆರಡು ಬ್ರಿಡ್ಜ್ ಆಗಿ ಡಿಕ್ಕಿಯಲ್ಲಿ ಬೇಸ್ ನುಡಿಸುವ 10 ಇಂಚಿನ ಸಬ್‌ವೂಫರಿಗೆ. ಸಬ್‌ನಲ್ಲಿ 4 ಓಮಿನ ಎರಡು ಕಾಯಿಲ್. ಸುಮಾರು 18 ಲೀಟರಿನ ಸೀಲ್ಡ್ ಬಾಕ್ಸು, 18 ಮಿಲಿಮೀಟರ್ ಎಂಡಿಎಫ್‌ನಲ್ಲಿ ಮಾಡಿದ್ದು.

ಸಾಮಾನು ಕೆಟ್ಟದ್ದಲ್ಲ. ಇಂಥ ಗಾಡಿಗೆ ಇದು ಬೇಕಾದಷ್ಟಾಯಿತು.

ಹಾಡು ಹಾಕುವ ಮೊದಲು

ಬಾನೆಟ್ ಎತ್ತಿದ ಕೂಡಲೇ ಕಂಡದ್ದು ಶಬ್ದಕ್ಕೆ ಸಂಬಂಧಿಸಿದ್ದೇ ಅಲ್ಲ. ಬ್ಯಾಟರಿಯಿಂದ ಹೊರಟ 8 ಗೇಜಿನ ಕೆಂಪು ವೈರು ಕ್ಯಾಬಿನ್ನಿನೊಳಗೆ ನುಗ್ಗಿದ ಜಾಗದಲ್ಲಿ ಬರೀ ತಗಡಿನ ತೂತು, ಅದಕ್ಕೆ ರಬ್ಬರ್ ಗ್ರೊಮೆಟ್ ಇಲ್ಲ. ಆರು ವರ್ಷದ ಅಲುಗಾಟಕ್ಕೆ ತಗಡಿನ ಅಂಚು ವೈರಿನ ಮೇಲಿನ ಪ್ಲಾಸ್ಟಿಕ್ ತಿಂದು, ಒಳಗಿನ ಎಳೆಗಳು ಮಿಣುಗುತ್ತಿದ್ದವು. ಫ್ಯೂಸ್ ಇತ್ತು, ಆದರೆ ಆಂಪಿನ ಪಕ್ಕದಲ್ಲಿ, ಐದು ಮೀಟರ್ ಆಚೆ. ಅಲ್ಲಿರುವ ಫ್ಯೂಸ್ ಆಂಪನ್ನು ಕಾಯುತ್ತದೆ, ವೈರನ್ನು ಕಾಯುವುದಿಲ್ಲ. ಈ ತೂತಿನ ಹತ್ತಿರ ವೈರು ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ತಳ್ಳುತ್ತದೆ, ನಡುವೆ ತಡೆಯುವವರು ಯಾರೂ ಇಲ್ಲ. ಬೇಸ್ ಆಮೇಲೆ ನೋಡಿಕೊಳ್ಳೋಣ, ಗಾಡಿ ಉಳಿಯಬೇಕಲ್ಲ. ಹೀಗಾಗಿ ಪರೀಕ್ಷೆ ಮುಗಿಯುವ ತನಕ ಆ ಜಾಗಕ್ಕೆ ಸೀಳಿದ ರಬ್ಬರ್ ಪೈಪ್ ಸುತ್ತಿ, ಬ್ಯಾಟರಿ ಹತ್ತಿರ ತಾತ್ಕಾಲಿಕವಾಗಿ 40 ಆಂಪಿಯರಿನ ಫ್ಯೂಸ್ ಹಾಕಿದ ಮೇಲೆಯೇ ಮುಂದಿನ ಕೆಲಸ.

ಅದೇ ವೈರಿನ ತುದಿಯನ್ನು ಸ್ವಲ್ಪ ಸುಲಿದು ಚಾಕುವಿನಿಂದ ಒಂದು ಎಳೆ ಕೆರೆದರೆ ತಾಮ್ರದ ಬಣ್ಣ ಹೋಗಿ ಬಿಳುಪು ಕಂಡಿತು. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಸಂತೆಯಲ್ಲಿ ‘ಆಂಪ್ ಕಿಟ್’ ಎಂದು ಮಾರುವ ಅಗ್ಗದ ವೈರುಗಳಲ್ಲಿ ಬಹಳಷ್ಟು ಇದೇ ಜಾತಿ. ಅದೇ ದಪ್ಪದ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ತಡೆ ಒಡ್ಡುತ್ತದೆ. ಶುದ್ಧ ತಾಮ್ರದ 8 ಗೇಜಿಗೆ ಮೀಟರಿಗೆ ಸುಮಾರು 2 ಮಿಲಿಓಮ್, ಇದಕ್ಕೆ 3ರ ಮೇಲೆ.

ಮೀಟರ್ ಹಿಡಿದಾಗ

ಎಂಜಿನ್ ಚಾಲೂ ಇಟ್ಟು, ಗಿರಾಕಿ ಯಾವಾಗಲೂ ಇಡುವ ವಾಲ್ಯೂಮಿನಲ್ಲಿ 50 ಹರ್ಟ್ಸಿನ ಟೋನ್ ಹತ್ತು ಸೆಕೆಂಡು ನುಡಿಸಿ ಅಳೆದದ್ದು: ಬ್ಯಾಟರಿ ತುದಿಯಲ್ಲಿ 13.9 ವೋಲ್ಟ್, ಆಂಪಿನ ತುದಿಯಲ್ಲಿ 12.6. ಹಾದಿಯಲ್ಲಿ 1.3 ವೋಲ್ಟ್ ಸೋರಿದೆ.

ಇಷ್ಟು ನೋಡಿ “ವೈರ್ ಸಣ್ಣದಾತು” ಎಂದು ದಪ್ಪ ವೈರು ಎಳೆದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಸೋರಿಕೆ ಯಾವ ಕಡೆಯದು ಎಂದು ಒಡೆದು ನೋಡಬೇಕು. ಮೀಟರಿನ ಒಂದು ಕಡ್ಡಿಗೆ ಐದಾರು ಮೀಟರ್ ಉದ್ದದ ವೈರು ಸೇರಿಸಿ, ಬ್ಯಾಟರಿ ಪಾಸಿಟಿವ್‌ನಿಂದ ಆಂಪ್ ಪಾಸಿಟಿವ್‌ಗೆ ಹಿಡಿದರೆ 0.7 ವೋಲ್ಟ್. ಬ್ಯಾಟರಿ ನೆಗೆಟಿವ್‌ನಿಂದ ಆಂಪ್ ನೆಗೆಟಿವ್‌ಗೆ ಹಿಡಿದರೆ 0.6. ಕ್ಲಾಂಪ್ ಮೀಟರಿನಲ್ಲಿ ಕರೆಂಟು 38 ಆಂಪಿಯರ್.

ಪಾಸಿಟಿವ್ ಕಡೆಯ 0.7ಕ್ಕೆ ಲೆಕ್ಕ ಸಿಗುತ್ತದೆ: ಐದು ಮೀಟರ್ ಕಳಪೆ ವೈರು, ಜೊತೆಗೆ ಸಡಿಲ ಫ್ಯೂಸ್ ಹೋಲ್ಡರ್. ನೆಗೆಟಿವ್ ಕಡೆ ಮಾತ್ರ ಲೆಕ್ಕ ಕೂಡುವುದಿಲ್ಲ. ಅಲ್ಲಿ ವೈರು ಇರುವುದೇ 40 ಸೆಂಟಿಮೀಟರ್, ಉಳಿದದ್ದು ಗಾಡಿಯ ಬಾಡಿ. 0.6 ವೋಲ್ಟನ್ನು 38ರಿಂದ ಭಾಗಿಸಿದರೆ 16 ಮಿಲಿಓಮ್ ಬರುತ್ತದೆ. ಒಳ್ಳೆಯ ಅರ್ಥಿಂಗ್‌ನಲ್ಲಿ ಒಂದೋ ಎರಡೋ ಇರಬೇಕು.

ಕಾರ್ಪೆಟ್ ಎತ್ತಿದಾಗ ಉತ್ತರ ಸಿಕ್ಕಿತು. ಕೆಂಪು ಧೂಳು ಎಸಿ ನೀರಿಗೆ ನೆನೆದು, ಒಣಗಿ, ಬಿಲ್ಲೆಯಂತೆ ಗಟ್ಟಿಯಾಗಿತ್ತು. ಅದನ್ನು ಕೆರೆದು ತೆಗೆದರೆ ಕೆಳಗೆ ಒಂದು ಸೆಲ್ಫ್ ಸ್ಕ್ರೂ. ಬಾಡಿಯ ಪೇಂಟ್ ಕೆರೆಯದೆ ಅದರ ಮೇಲೆಯೇ ಲಗ್, ಅಂದರೆ ವೈರಿನ ತುದಿಯ ಲೋಹದ ಬಳೆ, ಇಟ್ಟು ಬಿಗಿದಿದ್ದರು. ಕರೆಂಟಿಗೆ ದಾರಿ ಇದ್ದದ್ದು ಸ್ಕ್ರೂವಿನ ಥ್ರೆಡ್ಡಿನ ಎರಡು ಸುತ್ತುಗಳ ಮೂಲಕ ಮಾತ್ರ, ಅವೂ ತುಕ್ಕು ತಿಂದು ಪುಡಿಯಾಗಿದ್ದವು. ಲಗ್ಗಿನ ತಗಡು ಬಿಸಿಗೆ ನೀಲಿಗಪ್ಪಾಗಿತ್ತು.

ಇಲ್ಲೊಂದು ಎಚ್ಚರ. ವೋಲ್ಟೇಜ್ ಬಿದ್ದದ್ದೇ ಬೇಸ್ ಹೋಗಲು ಕಾರಣ ಎಂದು ತೀರ್ಮಾನಿಸುವ ಆಸೆಯಾಗುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. 13.9ರ ಬದಲು 12.6 ಸಿಕ್ಕರೆ ಆಂಪಿನ ಶಕ್ತಿ ನೂರಕ್ಕೆ 18ರಷ್ಟು ಕಡಿಮೆಯಾಗಬಹುದು, ಅಂದರೆ 1 ಡೆಸಿಬೆಲ್ಲಿಗಿಂತ ಕಡಿಮೆ. ಹಾಡು ಕೇಳುತ್ತಿರುವಾಗ ಅದು ಕಿವಿಗೆ ಗೊತ್ತೇ ಆಗುವುದಿಲ್ಲ. ಬೇಸ್ ಕದ್ದ ಕಳ್ಳ ಬೇರೆ, ಆದರೆ ಅವನಿಗೆ ಬಾಗಿಲು ತೆಗೆದುಕೊಟ್ಟದ್ದು ಈ ಸ್ಕ್ರೂ.

ಕುಂಯ್ ಸದ್ದು ಎಲ್ಲಿಂದ

ಆಲ್ಟರ್ನೇಟರ್, ಮೆಕ್ಯಾನಿಕರ ಬಾಯಲ್ಲಿ ಡೈನಮೊ, ಮೂರು ಫೇಸಿನ ಏಸಿ ಹುಟ್ಟಿಸಿ ಆರು ಡಯೋಡುಗಳಿಂದ ಡಿಸಿ ಮಾಡುತ್ತದೆ. ಆ ಡಿಸಿ ನೀರಿನಂತೆ ಸಮ ಇರುವುದಿಲ್ಲ, ಮೇಲೆ ಸಣ್ಣ ಅಲೆಗಳು ಉಳಿದಿರುತ್ತವೆ. 12 ಧ್ರುವದ ಆಲ್ಟರ್ನೇಟರಾದರೆ ಒಂದು ಸುತ್ತಿಗೆ 36 ಅಲೆ. ಎಂಜಿನ್ 800 ಆರ್‌ಪಿಎಮ್‌ನಲ್ಲಿದ್ದು ಪುಲ್ಲಿ ಎರಡೂವರೆ ಪಟ್ಟು ತಿರುಗಿಸಿದರೆ ಆಲ್ಟರ್ನೇಟರ್ 2000 ಆರ್‌ಪಿಎಮ್. ಅಂದರೆ ಸೆಕೆಂಡಿಗೆ 1200 ಅಲೆ, ಕಿವಿ ಚೆನ್ನಾಗಿ ಹಿಡಿಯುವ ಸ್ವರ. ರೇಸ್ ಕೊಟ್ಟಂತೆ ಸ್ವರ ಏರುತ್ತದೆ. ಕುಂಯ್ ಸದ್ದು ಎಂಜಿನ್ನಿನ ಜೊತೆ ಏರಿಳಿಯುತ್ತಿದ್ದರೆ ಅದು ಆಲ್ಟರ್ನೇಟರಿನದೇ. ಏರದೆ ಒಂದೇ ಸಮ ಇದ್ದರೆ ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಎಲ್‌ಇಡಿ ಹೆಡ್‌ಲೈಟುಗಳ ಕಡೆ ನೋಡಬೇಕು.

ಈ ಅಲೆ ಎಲ್ಲ ಗಾಡಿಯಲ್ಲೂ ಇರುತ್ತದೆ. ಸ್ಪೀಕರಿಗೆ ಹೇಗೆ ಬಂತು ಎನ್ನುವುದೇ ಪ್ರಶ್ನೆ. ಊಹೆ ಬೇಡ, ನಾಲ್ಕು ಹೆಜ್ಜೆಯ ಪರೀಕ್ಷೆ ಸಾಕು.

ಮೊದಲು ಡೆಕ್ಕಿನಿಂದ ಆಂಪಿಗೆ ಹಾಡಿನ ಸಿಗ್ನಲ್ ತರುವ ಆರ್‌ಸಿಎ ವೈರುಗಳನ್ನೆಲ್ಲ ಕಿತ್ತು, ಆ ಜಾಗದಲ್ಲಿ ಒಳಪಿನ್ನನ್ನೂ ಹೊರಬಳೆಯನ್ನೂ ಕೂಡಿಸಿದ ಖಾಲಿ ಪ್ಲಗ್ ಹಾಕಿದಾಗ ಸದ್ದು ಪೂರ್ತಿ ನಿಂತಿತು. ಅಂದರೆ ಆಂಪಿನ ಒಳಗೆ ದೋಷವಿಲ್ಲ. ಎರಡನೆಯದಾಗಿ ಡೆಕ್ ಬಿಟ್ಟು ಮೊಬೈಲಿನಿಂದ ನೇರ ಆಂಪಿಗೆ ಹಾಡು ಕೊಟ್ಟರೆ, ಮೊಬೈಲ್ ತನ್ನ ಬ್ಯಾಟರಿಯಲ್ಲಿ ಇರುವವರೆಗೆ ಸದ್ದಿಲ್ಲ. ಅದೇ ಮೊಬೈಲನ್ನು ಗಾಡಿಯ ಚಾರ್ಜರಿಗೆ ಚುಚ್ಚಿದ ಕೂಡಲೇ ಕುಂಯ್ ಮರಳಿತು. ಸಿಗ್ನಲ್ ವೈರಿನ ಆಚೆ ತುದಿ ಗಾಡಿಯ ನೆಗೆಟಿವ್‌ಗೆ ಸೇರಿದಾಗ ಮಾತ್ರ ಸದ್ದು ಬರುತ್ತದೆ ಎಂದಾಯಿತು. ಮೂರನೆಯದು, ಡೆಕ್ಕಿನ ಆರ್‌ಸಿಎ ಹೊರಬಳೆಗೂ ಡೆಕ್ಕಿನ ಮೈಗೂ ನಡುವೆ ಓಮ್ ನೋಡುವುದು. ಗಾಡಿಯಲ್ಲಿ ಕರೆಂಟು ಇರುವಾಗಲೇ ಆರ್‌ಸಿಎ ಕಿತ್ತು ಚುಚ್ಚಿದರೆ ಕೆಲವು ಡೆಕ್ಕುಗಳಲ್ಲಿ ಒಳಗಿನ ಸಣ್ಣ ಫ್ಯೂಸ್ ಸುಟ್ಟು ಈ ದಾರಿ ಕಡಿದುಹೋಗುತ್ತದೆ, ಆಗಲೂ ಇದೇ ರೋಗಲಕ್ಷಣ. ಇಲ್ಲಿ ಅದು ಸರಿಯಿತ್ತು. ನಾಲ್ಕನೆಯದು ಇಡೀ ಪರೀಕ್ಷೆಯ ಜೀವ: ಬ್ಯಾಟರಿ ಇಳಿದಾಗ ಗಾಡಿಯಿಂದ ಗಾಡಿಗೆ ಹಾಕುವ ಜಂಪರ್ ಕೇಬಲ್ ತಂದು, ಆಂಪಿನ ನೆಗೆಟಿವ್ ತುದಿಯಿಂದ ಸೀದಾ ಬ್ಯಾಟರಿ ನೆಗೆಟಿವ್‌ಗೆ ಕಚ್ಚಿಸಿದರೆ ಕುಂಯ್ ಸತ್ತೇಹೋಯಿತು. ಕಚ್ಚಿದ್ದನ್ನು ಬಿಡಿಸಿದರೆ ಮತ್ತೆ ಹಾಜರು.

ನಡೆದದ್ದು ಇದು. ಆಂಪಿನಿಂದ ಮರಳುವ ಕರೆಂಟಿಗೆ ಸ್ಕ್ರೂವಿನ ದಾರಿ ಇಕ್ಕಟ್ಟಾಯಿತು. ಅದರ ಒಂದು ಪಾಲು ಆರ್‌ಸಿಎ ವೈರಿನ ಹೊರಜಾಲರಿ ಹಿಡಿದು ಡೆಕ್ಕಿಗೆ ಹೋಗಿ, ಅಲ್ಲಿನ ಸಣ್ಣ ಕಪ್ಪು ವೈರಿನ ಮೂಲಕ ಬಾಡಿ ಸೇರುತ್ತಿತ್ತು. ಆ ಕರೆಂಟಿನ ಜೊತೆ ಆಲ್ಟರ್ನೇಟರಿನ ಅಲೆಯೂ ಹರಿಯಿತು. ಆಂಪಿಗೆ ಹೊರಜಾಲರಿಯಲ್ಲಿ ಹುಟ್ಟಿದ ಅಲೆಗೂ ಹಾಡಿಗೂ ವ್ಯತ್ಯಾಸ ತಿಳಿಯದು, ಎರಡನ್ನೂ ದೊಡ್ಡದು ಮಾಡಿತು.

ತೇಪೆಯ ಮೇಲೆ ತೇಪೆ

ಇನ್ನು ಕಳ್ಳನ ವಿಷಯ. ಡೆಕ್ಕಿನ ಹಿಂದೆ, ಆರ್‌ಸಿಎ ವೈರುಗಳ ನಡುವೆ, ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ಕಪ್ಪು ಡಬ್ಬಿಗಳು ಸಿಕ್ಕವು. ‘ನಾಯ್ಸ್ ಫಿಲ್ಟರ್’ ಎಂದು ಮಾರುವ ಗ್ರೌಂಡ್ ಲೂಪ್ ಐಸೊಲೇಟರ್. ಒಳಗೆ ಇರುವುದು ಕಿರುಬೆರಳ ತುದಿಯಷ್ಟು ಟ್ರಾನ್ಸ್‌ಫಾರ್ಮರು. ಹೊರಜಾಲರಿಯ ಸಂಬಂಧ ಕಡಿಯುವುದರಿಂದ ಕುಂಯ್ ಕಡಿಮೆಯಾಗುತ್ತದೆ, ಸುಳ್ಳಲ್ಲ. ಆದರೆ ಅಷ್ಟು ಸಣ್ಣ ಕಬ್ಬಿಣದ ತಿರುಳು ತಗ್ಗಿನ ಸ್ವರ ಹೊರಲಾರದು. ಇದಕ್ಕೆ 1 ವೋಲ್ಟ್ ಕೊಟ್ಟು ನೋಡಿದಾಗ 400 ಹರ್ಟ್ಸ್‌ನಲ್ಲಿ ಆಚೆ 0.95 ವೋಲ್ಟ್ ಬಂತು, 40 ಹರ್ಟ್ಸ್‌ನಲ್ಲಿ ಬರೀ 0.45. ಸುಮಾರು 7 ಡೆಸಿಬೆಲ್ ಬೇಸ್ ಆ ಡಬ್ಬಿಯೊಳಗೇ ಸತ್ತಿದೆ. ಗಿರಾಕಿಯ ಪ್ರಕಾರ ಇದನ್ನು ಹಾಕಿದ ಮೇಲೂ ಕುಂಯ್ ಪೂರ್ತಿ ಹೋಗಲಿಲ್ಲ, ಬೇಸ್ ಮಾತ್ರ ಹೋಯಿತು.

ಬೇಸ್ ಹೋಯಿತೆಂದು ಡೆಕ್ಕಿನ ಈಕ್ವಲೈಜರಿನಲ್ಲಿ ಬೇಸ್ ಕೊನೆಯ ತನಕ ಏರಿಸಿದರು. ಆಂಪಿನ ಬೇಸ್ ಬೂಸ್ಟ್ 12 ಡೆಸಿಬೆಲ್ಲಿಗೆ ತಿರುಗಿಸಿದರು. ಸಿಗ್ನಲ್ ಎಷ್ಟು ದೊಡ್ಡದು ಮಾಡಬೇಕೆಂದು ಆಂಪಿಗೆ ಹೇಳುವ ಗೇನ್ ಕೂಡ ಕೊನೆಗೆ. 12 ಡೆಸಿಬೆಲ್ ಎಂದರೆ ಆ ಸ್ವರಕ್ಕೆ 16 ಪಟ್ಟು ವ್ಯಾಟ್ ಕೇಳಿದಂತೆ. 60 ವ್ಯಾಟಿನ ಆಂಪ್ ಎಲ್ಲಿಂದ ಕೊಡಬೇಕು? ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆ ಮಾಡಿ ಕಳಿಸುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಸರಾಸರಿ ಶಕ್ತಿ ಹೆಚ್ಚು, ಇಲ್ಲದ ಕೀರಲು ಸ್ವರಗಳೂ ಹುಟ್ಟುತ್ತವೆ. ಅದರ ಬಿಲ್ಲು ಕಟ್ಟಿದ್ದು ಟ್ವೀಟರು: ಎಡಗಡೆಯದಕ್ಕೆ ನೇರ ಮೀಟರ್ ಹಿಡಿದರೆ ಕಾಯಿಲ್ ಕಡಿದುಹೋಗಿತ್ತು.

ಅಷ್ಟಕ್ಕೂ ನಿಲ್ಲಲಿಲ್ಲ. ಸಬ್ “ಇನ್ನಷ್ಟು ಬಡೀಲಿ” ಎಂದು ಯಾರೋ ಅದರ ಎರಡು ಕಾಯಿಲುಗಳನ್ನು ಪ್ಯಾರಲಲ್ ಮಾಡಿದ್ದರು. ಬಾಕ್ಸಿನ ತುದಿಯಲ್ಲಿ ಓಮ್ ಮೀಟರ್ ಹಿಡಿದರೆ 1.7, ಅಂದರೆ ಹೆಸರಿಗೆ 2 ಓಮ್. ಬ್ರಿಡ್ಜ್ ಆದ ಆಂಪಿಗೆ 2 ಓಮ್ ಕಟ್ಟಿದರೆ ಒಳಗೆ ಒಂದೊಂದು ಚಾನೆಲ್ಲಿಗೂ 1 ಓಮ್ ಕಾಣುತ್ತದೆ. ಈ ಆಂಪು ಚಾನೆಲ್ಲಿಗೆ 2 ಓಮಿನ ತನಕ ಮಾತ್ರ ತಾಳುವಂಥದ್ದು. ಬೆಳಗಿನ ತಂಪಿನಲ್ಲಿ ಹೇಗೋ ಓಡಿತು. ಮಧ್ಯಾಹ್ನ ಕಾರ್ಪೆಟ್ಟಿನ ಅಂಚು ಮೈಮೇಲೆ ಬಿದ್ದು, ಸುತ್ತ ಧೂಳು ತುಂಬಿ, ಎಸಿ ಇಲ್ಲದೆ ನಿಂತ ಗಾಡಿಯಲ್ಲಿ ಹೀಟ್‌ಸಿಂಕ್ 80 ಡಿಗ್ರಿ ಮುಟ್ಟುತ್ತಿದ್ದಂತೆ ಪ್ರೊಟೆಕ್ಟ್ ಲೈಟ್ ಹತ್ತಿಸಿಕೊಂಡು ಮಲಗಿತು. ಅದು ಕೆಟ್ಟದ್ದಲ್ಲ, ತನ್ನ ಜೀವ ಉಳಿಸಿಕೊಂಡದ್ದು. ಇದೇ ವೈರು, ಇದೇ ಅರ್ಥಿಂಗ್ ಮೇಲೆ 1500 ವ್ಯಾಟಿನ ಆಂಪ್ ಕೂರಿಸಿದ್ದರೆ ಏನಾಗುತ್ತಿತ್ತೆಂದು ಆ ತಗಡಿನ ತೂತಿನ ಬಳಿ ನಿಂತು ಯೋಚಿಸಬೇಕು.

ರಿಪೇರಿ

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕಿಟ್ಟದ್ದು. ಹಳೆಯ ಕೆಂಪು ವೈರು ಪೂರ್ತಿ ಹೊರಗೆ. ಅದರ ಬದಲು ಶುದ್ಧ ತಾಮ್ರದ 4 ಗೇಜ್, ಅಂದರೆ ಸುಮಾರು 21 ಚದರ ಮಿಲಿಮೀಟರ್, ಐದೂವರೆ ಮೀಟರ್ ತಂದು ಐದು ಮೀಟರ್ ಬಳಸಿದ್ದು. ಬ್ಯಾಟರಿಯಿಂದ 30 ಸೆಂಟಿಮೀಟರ್ ಒಳಗೆ 50 ಆಂಪಿಯರಿನ ಫ್ಯೂಸ್. ತೂತಿಗೆ ರಬ್ಬರ್ ಗ್ರೊಮೆಟ್, ಬಾನೆಟ್ಟಿನ ಒಳಗಿನ ಭಾಗಕ್ಕೆ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆ. ಲಗ್ಗುಗಳನ್ನು ಪ್ಲಾಯರಿನಲ್ಲಿ ಅದುಮದೆ ಸರಿಯಾದ ಕ್ರಿಂಪ್ ಉಪಕರಣದಲ್ಲಿ ಒತ್ತಿ, ಮೇಲೆ ಹೀಟ್ ಶ್ರಿಂಕ್.

ಅರ್ಥಿಂಗ್‌ಗೆ ಹೊಸ ಜಾಗ ಬೇಕಿತ್ತು. ಸೀಟ್ ಬೆಲ್ಟಿನ ಬೋಲ್ಟಿಗೆ ಲಗ್ ಸಿಕ್ಕಿಸುವ ಚಾಳಿ ನಮ್ಮಲ್ಲಿ ಬಹಳ, ಅದು ಬೇಡವೇ ಬೇಡ. ಆ ಬೋಲ್ಟಿನ ಬಿಗಿ ಜನರ ಜೀವ ಹಿಡಿಯಲು ಲೆಕ್ಕ ಹಾಕಿ ಇಟ್ಟದ್ದು. ನೆಲದ ತಗಡಿನಲ್ಲಿ, ಕೆಳಗೆ ಡೀಸೆಲ್ ಪೈಪಾಗಲಿ ಬ್ರೇಕ್ ಪೈಪಾಗಲಿ ಇಲ್ಲದ ಜಾಗ ಗಾಡಿಯಡಿ ಮಲಗಿ ನೋಡಿ ಖಾತ್ರಿ ಮಾಡಿಕೊಂಡು, 8 ಮಿಲಿಮೀಟರ್ ಬೋಲ್ಟಿಗೆ ತೂತು. ಅದರ ಸುತ್ತ ಮೂರು ಸೆಂಟಿಮೀಟರ್ ಅಗಲ ಪೇಂಟನ್ನು ಪಾಲಿಶ್ ಪೇಪರಿನಿಂದ ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಬಾಡಿ ತಗಡಿನ ಮೇಲೆ ನೇರ ಲಗ್, ಅದರ ಮೇಲೆ ಹಲ್ಲಿನ ವಾಷರ್, ನಟ್. ಬಿಗಿದಾದ ಮೇಲೆ ಇಡೀ ಗಂಟಿಗೆ ಮೇಲಿನಿಂದಲೂ ಗಾಡಿಯಡಿಯಿಂದಲೂ ಪೇಂಟ್ ಹೊಡೆದದ್ದು. ಮೊದಲೇ ಪೇಂಟ್ ಹಚ್ಚಿ ಆಮೇಲೆ ಬಿಗಿದರೆ ಕತೆ ಮತ್ತೆ ಶುರುವಿನಿಂದ.

ಐಸೊಲೇಟರ್ ಎರಡೂ ಹೊರಗೆ. ಆರ್‌ಸಿಎ ವೈರು ಕೆಂಪು ವೈರಿನ ಜೊತೆ ಎಡಗಡೆಯ ಹೊಸ್ತಿಲ ಪಟ್ಟಿಯ ಕೆಳಗೆ ಒಟ್ಟಿಗೇ ಮಲಗಿತ್ತು, ಅದನ್ನು ಬಲಗಡೆಗೆ ಬದಲಿಸಿದ್ದಾಯಿತು.

ಸಬ್ಬಿನ ಕಾಯಿಲುಗಳನ್ನು ಸೀರೀಸ್ ಮಾಡಿದರೆ 8 ಓಮ್, ಮೀಟರಿನಲ್ಲಿ 6.8. 4 ಓಮಿನ ಎರಡು ಕಾಯಿಲಿದ್ದರೆ 2 ಅಥವಾ 8 ಮಾತ್ರ ಸಾಧ್ಯ, ನಡುವಿನ 4 ಸಿಗದು. ಬ್ರಿಡ್ಜ್ ಆಂಪು 8 ಓಮ್‌ಗೆ ಕೊಡುವುದು 120 ವ್ಯಾಟ್. “180 ಇದ್ದದ್ದು 120ಕ್ಕೆ ಇಳೀತಲ್ರಿ” ಎಂದು ಗಿರಾಕಿಗೆ ಬೇಸರ. ಈ ಎರಡರ ನಡುವಿನ ಅಂತರ 1.8 ಡೆಸಿಬೆಲ್. ಐಸೊಲೇಟರ್ ತೆಗೆದು ಗಳಿಸಿದ್ದು 7. ಲೆಕ್ಕ ಮಾತಿಗಿಂತ ಚೆನ್ನಾಗಿ ಒಪ್ಪಿಸುತ್ತದೆ.

ಆಂಪನ್ನು ನೆಲದಿಂದ ಮೂರು ಸೆಂಟಿಮೀಟರ್ ಎತ್ತರಕ್ಕೆ ಪ್ಲೈವುಡ್ ತುಂಡುಗಳ ಮೇಲೆ ಕೂರಿಸಿ, ಮೇಲೆ ನಾಲ್ಕು ಬೆರಳು ಖಾಲಿ ಬಿಟ್ಟದ್ದು. ಡಿಕ್ಕಿಯಲ್ಲಿ ಸಬ್ ಬಾಕ್ಸು ಬರೀ ಇಟ್ಟಿದ್ದರು. ಬ್ರೇಕ್ ಹಾಕಿದರೆ ಅಷ್ಟು ತೂಕ ಹಿಂದಿನ ಸೀಟಿನವರ ಬೆನ್ನಿಗೆ. ಎರಡು ಪಟ್ಟಿ ಹಾಕಿ ನೆಲದ ಕೊಂಡಿಗೆ ಕಟ್ಟಲಾಯಿತು.

ಬಾಗಿಲುಗಳು

ಬಾಗಿಲಲ್ಲಿ ಎರಡು ಬೇರೆ ತೊಂದರೆಗಳಿದ್ದವು, ಇವಕ್ಕೂ ಸ್ಕ್ರೂವಿಗೂ ನಂಟಿಲ್ಲ.

ಎಡಬಾಗಿಲಿನ ಸ್ಪೀಕರ್ ಉಲ್ಟಾ ಸೇರಿತ್ತು. ಹಿಂದೊಮ್ಮೆ ಗ್ಲಾಸ್ ಮೋಟರ್ ರಿಪೇರಿಯಾದಾಗ ವೈರು ಕತ್ತರಿಸಿ ಜೋಡಿಸಿದ್ದರು, ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದರೆ ತಗ್ಗಿನ ಸ್ವರಗಳು ಒಂದನ್ನೊಂದು ನುಂಗುತ್ತವೆ, ಹಾಡುವವರ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ತೇಲುತ್ತದೆ. ನೋಡುವುದು ಸುಲಭ: ಸ್ಪೀಕರಿನ ವೈರುಗಳನ್ನು ಆಂಪಿನಿಂದ ಬಿಡಿಸಿ, ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಗಿಸಬೇಕು. ಸೆಲ್ಲಿನ ಪ್ಲಸ್ಸು ವೈರಿನ ಪ್ಲಸ್ಸಿಗೆ ಮುಟ್ಟಿದಾಗ ಕೋನ್ ಹೊರಕ್ಕೆ ಜಿಗಿದರೆ ಸರಿ, ಒಳಕ್ಕೆ ಹೋದರೆ ಉಲ್ಟಾ. ಟ್ವೀಟರಿಗೆ ಮಾತ್ರ ಈ ಪರೀಕ್ಷೆ ಬೇಡ.

ಬಲಬಾಗಿಲಿನ ಸ್ಪೀಕರನ್ನು ಐದೂ ಬೆರಳಿಂದ ಸಮವಾಗಿ ಮೆಲ್ಲಗೆ ಒತ್ತಿದರೆ ಸರ್ ಸರ್ ಎಂದು ಉಜ್ಜುವ ಸದ್ದು. ಸಂಡೂರಿನ ಅದಿರು ಹೆಚ್ಚಾಗಿ ಹೆಮಟೈಟ್. ಅದು ಮ್ಯಾಗ್ನಟೈಟಿನಷ್ಟು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಕಾಯಿಲ್ ಓಡಾಡುವ ಸಂದಿಯೇ ಕೂದಲೆಳೆಯಷ್ಟು ಬಿಗಿ. ಸಣ್ಣ ಪುಡಿ ಸೇರಿದರೂ ಸಾಕು. ಒಳಗಿನದನ್ನು ತೆಗೆಯುವ ದಾರಿ ಇಲ್ಲ. ಎಡಗಡೆ ಟ್ವೀಟರು, ಬಲಗಡೆ ವೂಫರು ಹೋಗಿರುವಾಗ ಕಾಂಪೊನೆಂಟ್ ಜೋಡಿಯನ್ನೇ ಬದಲಿಸುವುದು ಸರಿ ಎನಿಸಿತು. ಇಡೀ ಪ್ರಕರಣದಲ್ಲಿ ಹೊಸದಾಗಿ ಕೊಂಡ ಆಡಿಯೊ ಸಾಮಾನು ಇದೊಂದೇ. ಹೊಸದರ ಹಿಂಬದಿಗೆ ಗಾಳಿಯಾಡುವ ತೆಳು ಬಟ್ಟೆಯ ಚೀಲ ಕಟ್ಟಿ ಕೂರಿಸಿದ್ದು.

ಧೂಳು ಒಳಗೆ ಬಂದ ದಾರಿಯೂ ಬೇಸ್ ಸೋರಿದ ದಾರಿಯೂ ಒಂದೇ. ಡೋರ್ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆ ಮೋಟರ್ ರಿಪೇರಿಯಲ್ಲಿ ಹರಿದುಹೋಗಿತ್ತು. ಸ್ಪೀಕರಿನ ಹಿಂಬದಿಯ ಗಾಳಿ ಬಾಗಿಲಿನ ದೊಡ್ಡ ತೂತುಗಳಿಂದ ಮುಂದಕ್ಕೆ ಬಂದು ಮುಂಬದಿಯ ಗಾಳಿಯನ್ನೇ ಹೊಡೆಯುತ್ತಿತ್ತು. ಹೊರತಗಡಿನ ಒಳಮೈಗೆ ಬಾಗಿಲೊಂದಕ್ಕೆ ಅರ್ಧ ಚದರ ಮೀಟರ್, ಒಳತಗಡಿನ ತೂತುಗಳನ್ನು ಮುಚ್ಚಲು ಇನ್ನೊಂದು ಅರ್ಧ, ಹೀಗೆ ಎರಡು ಬಾಗಿಲಿಗೆ ಎರಡು ಚದರ ಮೀಟರ್ ಡ್ಯಾಂಪಿಂಗ್ ಶೀಟ್ ಹಿಡಿಯಿತು. 2 ಮಿಲಿಮೀಟರ್ ದಪ್ಪದ ಬ್ಯೂಟೈಲ್ ರಬ್ಬರ್, ಮೇಲೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದು. ಡಾಂಬರಿನ ಶೀಟು ಅಗ್ಗಕ್ಕೆ ಸಿಗುತ್ತದೆ, ಆದರೆ ಬಳ್ಳಾರಿಯ ಬಿಸಿಲಿಗೆ ನಿಂತ ಗಾಡಿಯ ಬಾಗಿಲು ಕೈ ಇಡಲಾಗದಷ್ಟು ಕಾಯುತ್ತದೆ. ಡಾಂಬರು ಮೆತ್ತಗಾಗಿ ಜಾರಿ ಗ್ಲಾಸ್ ಇಳಿಯುವ ಹಳಿಗೆ ಬೀಳುತ್ತದೆ, ವಾಸನೆ ಬೇರೆ. ಅಂಟಿಸುವ ಮುನ್ನ ತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎರಡು ಸಲ ಒರೆಸಿದ್ದು. ಮೊದಲ ಸಲ ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮರದ ರೋಲರಿನಿಂದ ಹಾಳೆಯ ಮೇಲಿನ ಉಬ್ಬುಗೆರೆ ಮಾಯವಾಗುವ ತನಕ ಉರುಳಿಸಬೇಕು. ಬಾಗಿಲ ತಳದ ನೀರು ಇಳಿಯುವ ಸಂದಿಗಳನ್ನು ಮಾತ್ರ ಮುಚ್ಚಬಾರದು. ಮುಚ್ಚಿದರೆ ಎರಡು ಮಳೆಗಾಲದಲ್ಲಿ ಬಾಗಿಲು ಕೊಳೆಯುತ್ತದೆ.

ಟ್ಯೂನಿಂಗ್

ಈಕ್ವಲೈಜರ್ ಸೊನ್ನೆಗೆ, ಬೇಸ್ ಬೂಸ್ಟ್ ಸೊನ್ನೆಗೆ, ಗೇನ್ ಪೂರ್ತಿ ಕೆಳಗೆ. ಡೆಕ್ಕಿನ ವಾಲ್ಯೂಮ್ 40ರಲ್ಲಿ 31. ಸ್ಪೀಕರ್ ವೈರು ಬಿಡಿಸಿ, ಆಂಪಿನ ಔಟ್‌ಪುಟ್ಟಿಗೆ ಏಸಿ ವೋಲ್ಟಿನಲ್ಲಿ ಮೀಟರ್. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ. ಮುಂದಿನ ಚಾನೆಲ್ಲಿಗೆ 60 ಗುಣಿಸು 4, ಮೂಲ 15.5. ಸಬ್ಬಿಗೆ 120 ಗುಣಿಸು 8, ಮೂಲ 31. ಸಬ್ಬಿಗೆ 50 ಹರ್ಟ್ಸಿನ ಟೋನ್. ಮುಂದಿನದಕ್ಕೆ ಹಲವರು 1000 ಹರ್ಟ್ಸ್ ಬಳಸುತ್ತಾರೆ, ಆದರೆ ಅಗ್ಗದ ಮಲ್ಟಿಮೀಟರುಗಳ ಏಸಿ ಅಳತೆ 400 ಹರ್ಟ್ಸಿನ ಆಚೆ ನಂಬಿಕೆಗೆ ಅರ್ಹವಲ್ಲ. ಆದ್ದರಿಂದ 400ರ ಟೋನ್. ಆ ವೋಲ್ಟ್ ಮುಟ್ಟಿದ ಕೂಡಲೇ ಗೇನ್ ಬಿಟ್ಟುಬಿಡಬೇಕು. ಎರಡೂ ಗೇನ್ ಅರ್ಧದ ಕೆಳಗೇ ನಿಂತವು.

ಸ್ವರಗಳನ್ನು ಹಂಚುವ ಕ್ರಾಸ್‌ಓವರ್ ಎರಡೂ ಕಡೆ 80 ಹರ್ಟ್ಸ್: ಮುಂದಿನದು ಹೈಪಾಸ್ (ಅದರ ಮೇಲಿನ ಸ್ವರ ಮಾತ್ರ), ಸಬ್ಬಿನದು ಲೋಪಾಸ್ (ಕೆಳಗಿನದು ಮಾತ್ರ). 80ರ ಟೋನ್ ಹಾಕಿ ಸಬ್ಬಿನ ಪ್ಲಸ್-ಮೈನಸ್ ತಿರುವಿ ನೋಡಿ, ಡ್ರೈವರ್ ಸೀಟಿನಲ್ಲಿ ಜೋರಾಗಿ ಕೇಳಿದ ಜೋಡಣೆ ಉಳಿಸಿಕೊಂಡದ್ದು. ಡ್ರೈವರಿನ ಕಿವಿಯಿಂದ ಬಲ ಸ್ಪೀಕರಿಗೆ 95 ಸೆಂಟಿಮೀಟರ್, ಎಡಕ್ಕೆ 140, ಸಬ್ಬಿಗೆ 210. ಎಸಿ ಹಾಕಿದ ಗಾಡಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಓಡುತ್ತದೆ. ಮೂರರ ಸದ್ದೂ ಕಿವಿಗೆ ಒಟ್ಟಿಗೇ ಮುಟ್ಟಲೆಂದು ಬಲಕ್ಕೆ 3.3 ಮಿಲಿಸೆಕೆಂಡ್, ಎಡಕ್ಕೆ 2 ಮಿಲಿಸೆಕೆಂಡ್ ತಡ, ಸಬ್ಬಿಗೆ ಸೊನ್ನೆ. ಈ ಡೆಕ್ಕಿನಲ್ಲಿ ಆ ಸೌಲಭ್ಯ ಮೊದಲಿನಿಂದಲೂ ಇತ್ತು, ಯಾರೂ ತೆರೆದಿರಲಿಲ್ಲ.

ಮತ್ತೆ ಅಳೆದಾಗ: ಕರೆಂಟು 26 ಆಂಪಿಯರ್, ಪಾಸಿಟಿವ್ ಕಡೆ ಸೋರಿಕೆ 0.12 ವೋಲ್ಟ್, ನೆಗೆಟಿವ್ ಕಡೆ 0.03. ಟ್ವೀಟರಿಗೆ ಕಿವಿ ಹಚ್ಚಿದರೂ ರೇಸಿನ ಜೊತೆ ಏರುವ ಸದ್ದಿಲ್ಲ, ಆಂಪಿನದೇ ಸಣ್ಣ ಸುಯ್ ಮಾತ್ರ. ಮಧ್ಯಾಹ್ನ ಎರಡು ಗಂಟೆಗೆ ಅಂಗಳದ ಬಿಸಿಲಲ್ಲಿ ಮುಕ್ಕಾಲು ತಾಸು ನುಡಿಸಿದ ಮೇಲೆ ಹೀಟ್‌ಸಿಂಕ್ 56 ಡಿಗ್ರಿ.

ಹಾಡಿನಾಚೆಯ ಸದ್ದು

ಆಡಿಯೊ ಕೆಲಸ ಮಾಡುವವರು ಮರೆಯುವ ಮಾತು: ಗಾಡಿಯಲ್ಲಿ ಹಾಡಿಗಿಂತ ಮುಖ್ಯವಾದ ಸದ್ದುಗಳಿವೆ. 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ಸೀಟ್ ಬೆಲ್ಟ್ ನೆನಪಿಸುವ ಸದ್ದು, 80 ಕಿಲೋಮೀಟರ್ ವೇಗ ದಾಟಿದರೆ ಎಚ್ಚರಿಕೆ, ರಿವರ್ಸ್ ಸೆನ್ಸರ್ ಕಡ್ಡಾಯ. ಕೆಲವು ಗಾಡಿಗಳಲ್ಲಿ ಇವು ಕಂಪನಿಯ ಡೆಕ್ಕಿನ ಮೂಲಕವೇ ಸ್ಪೀಕರಿಗೆ ಬರುತ್ತವೆ, ಡೆಕ್ ಬದಲಿಸಿದರೆ ಬಾಯಿ ಮುಚ್ಚುತ್ತವೆ. ಇದರಲ್ಲಿ ಮೀಟರ್ ಬೋರ್ಡಿನ ಒಳಗೇ ಬಜರ್ ಇದ್ದುದರಿಂದ ಉಳಿದಿದ್ದವು. ಆದರೆ ಬಾಗಿಲು ಸೀಲಾದ ಮೇಲೆ ಹೊರಗಿನ ಸದ್ದು ಒಳಗೆ ಬರುವುದೂ ತಗ್ಗಿದೆ. ಲೋಡಿಂಗ್ ಜಾಗದಲ್ಲಿ ಹಿಂದೆ ಸರಿಯುವ ಟಿಪ್ಪರಿನ ಬೀಪ್ ಕೇಳದಿದ್ದರೆ ಬೇಸ್ ಕಟ್ಟಿಕೊಂಡು ಏನು ಮಾಡುವುದು? ಡೆಕ್ಕಿನ ರಿವರ್ಸ್ ವೈರನ್ನು ರಿವರ್ಸ್ ಲೈಟಿನ ಲೈನಿಗೆ ಸೇರಿಸಿ, ರಿವರ್ಸ್ ಗೇರ್ ಬಿದ್ದಾಗ ಹಾಡು ಪೂರ್ತಿ ನಿಲ್ಲುವಂತೆ ಸೆಟ್ಟಿಂಗ್ ಇಡಲಾಯಿತು. ಗಾಡಿ ಚಾಲೂ ಮಾಡಿದಾಗಿನ ವಾಲ್ಯೂಮ್ 12.

ಡ್ರೈವರಿನ ಕಿವಿಯ ಲೆಕ್ಕವೂ ಇದೆ. ದುಡಿಯುವವರ ಕಿವಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 85 ಡೆಸಿಬೆಲ್ಲಿಗೆ ಎಂಟು ತಾಸು, ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. 100ಕ್ಕೆ ಕಾಲು ತಾಸು. ಹಳೆಯ ವ್ಯವಸ್ಥೆಯಲ್ಲಿ ಬೇಸ್ ಕೇಳಲೆಂದು ವಾಲ್ಯೂಮ್ ಏರಿಸಿ ಏರಿಸಿ ಕೀರಲನ್ನೇ ಇಡೀ ದಿನ ಕುಡಿಯುತ್ತಿದ್ದರು. ಈಗ 20-22ರಲ್ಲಿ ಸಾಕಾಗುತ್ತದೆ ಎಂದದ್ದು ಗಿರಾಕಿಯೇ. ಊರೊಳಗೆ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ 45. ಬೆಳಗಿನ ಶಿಫ್ಟಿಗೆ ನಾಲ್ಕೂವರೆಗೆ ಓಣಿಯಲ್ಲಿ ಸ್ಟಾಫ್ ಕಾಯುತ್ತ ನಿಂತಾಗ ಸಬ್ ಬಂದ್ ಮಾಡಲು ರಿಮೋಟ್ ನಾಬ್ ಡ್ರೈವರಿನ ಕೈಗೆಟಕುವಲ್ಲಿ ಕೂರಿಸಿದ್ದು ಅದಕ್ಕೇ.

ಹದಿನೈದು ದಿನಕ್ಕೆ ಗಾಡಿ ವಾಪಸ್ ಬಂತು. ಬೇಸ್ ಚೆನ್ನಾಗಿದೆ, ಆದರೆ ಹಿಂದೆಲ್ಲೋ ಗರ್ ಎನ್ನುತ್ತದೆ ಎಂಬ ದೂರು. ಬೇಸ್ ಬಂದ ಗಾಡಿಯಲ್ಲಿ ಇದು ಬರಲೇಬೇಕು, ಅಷ್ಟು ದಿನ ಅಲ್ಲಾಡಿಸುವ ಶಕ್ತಿಯೇ ಇರಲಿಲ್ಲ. 20ರಿಂದ 200 ಹರ್ಟ್ಸ್ ತನಕ ಮೆಲ್ಲಗೆ ಏರುವ ಟೋನ್ ಹಾಕಿ ಒಬ್ಬರು ಒಳಗೆ, ಒಬ್ಬರು ಹೊರಗೆ ಕೈಯಿಂದ ಒತ್ತುತ್ತಾ ಹೋದರು. 52ಕ್ಕೆ ನಂಬರ್ ಪ್ಲೇಟ್, ಅದರ ಹಿಂದೆ ಫೋಮಿನ ಪಟ್ಟಿ. 47ರ ಗರ್ ಮಾತ್ರ ಅರ್ಧ ತಾಸು ತಿಂದಿತು. ಕೊನೆಗೆ ಬಲಗಡೆಯ ಪಕ್ಕದ ಪ್ಯಾನೆಲ್ ಬಿಚ್ಚಿದರೆ ಅದರೊಳಗೆ ಜಾಕಿಯ ಹಿಡಿ ಸಡಿಲವಾಗಿ ಮಲಗಿತ್ತು. ಜೀನ್ಸ್ ಹೊಲಿಯುವ ಊರಿನಲ್ಲಿ ತುಂಡು ಬಟ್ಟೆಗೆ ಬರವಿಲ್ಲ. ದಪ್ಪ ಡೆನಿಮ್ ಎರಡು ಸುತ್ತು ಸುತ್ತಿ, ಕೇಬಲ್ ಟೈ ಬಿಗಿದು, ಅದೇ ಗೂಡಿಗೆ ತಿರುಗಿ ಇಟ್ಟು ಪ್ಯಾನೆಲ್ ಮುಚ್ಚಲಾಯಿತು.